ಅಂಗಡಿಯ ಅಜ್ಜನ ಭಾವಚಿತ್ರ



ನಿಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಕೂಡುವ ಅಜ್ಜನ ಒಂದು ಒಳ್ಳೆಯ ಫೋಟೋ ಯಾರ ಹತ್ತಿರವಾದರೂ ಇದೆಯೇ? ಗುರುತಿನ ಚೀಟಿಯ ಮೇಲಿನದನ್ನು ಬಿಟ್ಟರೆ ಬಹುಶಃ ಇರಲಾರದು. ಅಂಥದೊಂದು ಚಿತ್ರವನ್ನು ಹೇಗೆ ತೆಗೆಯಬೇಕು, ಏಕೆ ತೆಗೆಯಬೇಕು ಎಂಬುದನ್ನು ಇಂದು ನೋಡೋಣ.

ನಮ್ಮ ಕಲಬುರಗಿ ನಿಜಾಮರ ರಾಜ್ಯದಲ್ಲಿದ್ದಾಗ ಅವರ ಆಸ್ಥಾನದ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್ (1844–1905). ಅರಮನೆಗಳು, ಅಮೀರರು, ಬೇಟೆಯ ಶಿಬಿರಗಳು ಅವರ ಗಾಜಿನ ಫಲಕಗಳಲ್ಲಿ ಉಳಿದಿವೆ. ಮುಂದೆ ಕ್ಯಾಮೆರಾ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಯಿತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅಂಥವರು ಜನಸಾಮಾನ್ಯರ ದಿನನಿತ್ಯದ ಬದುಕನ್ನು ಸೆರೆಹಿಡಿದರು. ಇಂದು ಕ್ಯಾಮೆರಾ ನಿಮ್ಮ ಜೇಬಿನಲ್ಲಿಯೇ ಇದೆ. ಆದರೂ ಅಂಗಡಿಯ ಅಜ್ಜನ ಸರದಿ ಇನ್ನೂ ಬಂದಿಲ್ಲ.

ಕಲಬುರಗಿಯ ಎಂ.ಎಸ್.ಕೆ. ಮಿಲ್ ಪ್ರದೇಶವನ್ನೇ ತೆಗೆದುಕೊಳ್ಳಿ. ಬಟ್ಟೆಯ ಗಿರಣಿ ನಿಂತುಹೋಗಿದೆ. ಬಡಾವಣೆಗೆ ಹೆಸರು ಮಾತ್ರ ಉಳಿದಿದೆ. ಇಂಥ ದುಡಿಯುವ ಜನರ ಓಣಿಯಲ್ಲಿ ಎಂಬತ್ತೈದರ ಅಂಗಡಿಕಾರರೊಬ್ಬರು ಇದ್ದಾರೆ ಎನ್ನಿ. ಅವರು ಬಾಲ್ಯದಲ್ಲಿ ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ ಎಣಿಸಿದವರು. 1950ರಿಂದ ಏಳು ಹಾಲಿ ರೂಪಾಯಿಗೆ ಭಾರತದ ಆರು ರೂಪಾಯಿ ಎಂಬ ಲೆಕ್ಕವಿತ್ತು. 1959ರಲ್ಲಿ ಹಾಲಿ ಸಿಕ್ಕಾ ಚಲಾವಣೆ ನಿಂತಿತು. 1957ರಲ್ಲಿ ಆಣೆಗಳು ಹೋಗಿ ನಯಾಪೈಸೆ ಬಂತು. 1958ರಿಂದ ಸೇರಿನ ಬದಲು ಕಿಲೋ ಬರತೊಡಗಿತು. ಈಗ ಅದೇ ತಕ್ಕಡಿಯ ಪಕ್ಕದಲ್ಲಿ ಮೊಬೈಲಿನಿಂದ ಹಣ ಕೊಡುವ ಚೌಕದ ಚೀಟಿ ಅಂಟಿದೆ. ಪಠ್ಯಪುಸ್ತಕದಲ್ಲಿ ನೀವು ಓದುವ ಇತಿಹಾಸ ಆ ಎರಡು ಕೈಗಳಲ್ಲಿ ಹಾದುಹೋಗಿದೆ.

ಇನ್ನು ಬೆಳಕಿನ ವಿಚಾರ. ಮಧ್ಯಾಹ್ನ ರಸ್ತೆಯ ಬಿಸಿಲು ಅಂಗಡಿಯೊಳಗಿನ ಬೆಳಕಿಗಿಂತ ನೂರಾರು ಪಟ್ಟು ಹೆಚ್ಚಿರುತ್ತದೆ. ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ; ಕ್ಯಾಮೆರಾ ಅಷ್ಟು ಹೊಂದಿಕೊಳ್ಳಲಾರದು. ಹಾಗೆಂದು ಫ್ಲಾಶ್ ಹಾಕಬೇಡಿ. ಅದರ ಬೆಳಕು ದೂರ ಎರಡು ಪಟ್ಟಾದರೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಮುಖ ಬೆಳ್ಳಗಾಗಿ, ಹಿಂದಿನ ಡಬ್ಬಿಗಳ ಸಾಲು ಕತ್ತಲಲ್ಲಿ ಮುಳುಗುತ್ತದೆ. ಅಜ್ಜ ಉಳಿದು ಅಂಗಡಿ ಅಳಿಸಿಹೋದರೆ ಅದು ಅರ್ಧ ಚಿತ್ರವೇ. ಬೆಳಗಿನ ಹೊತ್ತು ಹೋಗಿ, ಬಾಗಿಲಿನ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುವಂತೆ ನಿಲ್ಲಿ. ತೀರ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಸರಿಯಿರಿ.

ಬಣ್ಣವನ್ನೂ ಗಮನಿಸಿ. ಕಮಲಾಪುರದ ಕೆಂಪು ಬಾಳೆಯ ಗೊನೆ ಅಂಗಡಿಯ ಮುಂದೆ ತೂಗುತ್ತಿದ್ದು, ಮೇಲೆ ನೀಲಿ ತಾಡಪಾಲು ಕಟ್ಟಿದ್ದರೆ, ಹಣ್ಣು ಚಿತ್ರದಲ್ಲಿ ಕಪ್ಪಾಗಿ ಕಾಣಬಹುದು. ನೀಲಿ ಹಾಳೆಯಿಂದ ಇಳಿಯುವ ಬೆಳಕಿನಲ್ಲಿ ಕೆಂಪು ಬಹಳ ಕಡಿಮೆ. ಇಲ್ಲದ ಬಣ್ಣವನ್ನು ಹಣ್ಣು ಹಿಂದಿರುಗಿಸುವುದಾದರೂ ಹೇಗೆ? ಅಜ್ಜನ ಮುಖಕ್ಕೂ ಅದೇ ನಿಯಮ.

ಬೆಳಕಿಗಿಂತ ದೊಡ್ಡದು ಒಪ್ಪಿಗೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ, "ಅಜ್ಜಾ, ನಿಮ್ದೊಂದು ಫೋಟೋ ತಗೀಲೇನ್ರಿ?" ಎಂದು ಕೇಳಿ. "ಈ ಮುದುಕಂದೇನ್ ತಗೀತಿಯಪಾ" ಎಂದು ನಕ್ಕರೆ, ಏಕೆ ಎಂಬುದನ್ನು ತಿಳಿಸಿ ಹೇಳಿ. ಬೇಡವೆಂದರೆ ಅಲ್ಲಿಗೇ ಬಿಡಿ. ಅವರು ಒಪ್ಪಿದರೂ ಒಂದು ಎಚ್ಚರ ಬೇಕು: ಮುಂದೆ ತೆರೆದಿಟ್ಟ ಉದ್ರಿ ವಹಿ ಚಿತ್ರದಲ್ಲಿ ಬರಕೂಡದು. ಸಂಬಳ ಬರುವವರೆಗೆ ಓಣಿಯ ಯಾವ ಮನೆ ಎಷ್ಟು ಸಾಲದಲ್ಲಿದೆ ಎಂಬುದು ಅದರಲ್ಲಿದೆ. ಆ ಗುಟ್ಟನ್ನು ಅವರು ವರ್ಷಗಟ್ಟಲೆ ಕಾಪಾಡಿದ್ದಾರೆ. ನಿಮ್ಮ ಒಂದು ಕ್ಲಿಕ್ ಅದನ್ನು ಬೀದಿಗೆ ತರಬಾರದು. ಅಜ್ಜ ಕೊಟ್ಟ ಒಪ್ಪಿಗೆ ಅಜ್ಜನ ಮುಖಕ್ಕೆ ಮಾತ್ರ, ನೆರೆಯವರ ಹೆಸರುಗಳಿಗಲ್ಲ.

ಚಿತ್ರ ತೆಗೆದು ಹೊರಟುಬಿಡಬೇಡಿ. ಅಂಗಡಿ ಯಾವ ವರ್ಷ ಹಾಕಿದರು, ಮೊದಲ ದಿನ ಏನು ಮಾರಿದರು ಎಂದು ಕೇಳಿ ಬರೆದುಕೊಳ್ಳಿ. ಒಂದು ಪ್ರತಿ ಮುದ್ರಿಸಿ, ಹಿಂದೆ ದಿನಾಂಕ ಬರೆದು ಅವರ ಕೈಗೇ ಕೊಡಿ. ಮೊಬೈಲ್ ಕೆಟ್ಟರೆ ಅದರಲ್ಲಿದ್ದ ಚಿತ್ರ ಹೋಗುತ್ತದೆ; ಗೋಡೆಯ ಮೇಲಿನ ಕಾಗದ ಮೊಮ್ಮಕ್ಕಳವರೆಗೆ ಉಳಿಯುತ್ತದೆ.

ಕಮಲಾಪುರದ ವಿದ್ಯಾರ್ಥಿಗಳು ಹೆದ್ದಾರಿ ಬದಿಯ ಬಾಳೆಹಣ್ಣಿನ ಅಂಗಡಿಯಿಂದಲೂ ಇದನ್ನು ಆರಂಭಿಸಬಹುದು. ಆ ತಲೆಮಾರಿನವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಬರುವ ಭಾನುವಾರವೇ ಹೋಗಿ.