ದೊಡ್ಡ ನಾಯಕ ಅಂತ ಯಾರನ್ನು ಕರೆಯೋಣ?



ಮುಂಬೈಯಲ್ಲಿರುವ ನಿಮಗೆ ಎಲ್.ಬಿ.ಎಸ್. ಮಾರ್ಗ ಗೊತ್ತೇ ಇದೆ. ಕುರ್ಲಾ, ಘಾಟ್ಕೋಪರ್, ಭಾಂಡುಪ್, ಮುಲುಂಡ್ ಅಂತ ಬಸ್ಸಿನಲ್ಲಿ ಸಾಗುವಾಗ ಅದು ನಮಗೆ ಬರೀ ಮೂರು ಅಕ್ಷರ. ಹೈದರಾಬಾದಿನವರಿಗೆ ಎಲ್.ಬಿ. ನಗರ ಗೊತ್ತು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರಿಗೆ ಆಲಮಟ್ಟಿ ಜಲಾಶಯ ಗೊತ್ತು. ಅದರ ಹೆಸರು ಲಾಲ್ ಬಹಾದೂರ್ ಶಾಸ್ತ್ರಿ ಸಾಗರ. 1964ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರೂ ಅವರೇ. ಇಷ್ಟು ಕಡೆ ಹೆಸರು ಉಳಿಸಿಹೋದ ಈ ಮನುಷ್ಯ ಪ್ರಧಾನಿಯಾಗಿ ಇದ್ದದ್ದು ಬರೀ 19 ತಿಂಗಳು, 1964ರ ಜೂನ್‌ನಿಂದ 1966ರ ಜನವರಿ 11ರವರೆಗೆ.

ಇವತ್ತಿನ ನಮ್ಮ ಚರ್ಚೆಗೆ ಅದಕ್ಕೇ ಅವರನ್ನು ಆರಿಸಿಕೊಂಡಿದ್ದೇನೆ. ರಾಷ್ಟ್ರನಾಯಕರಲ್ಲಿ ನಿಜವಾಗಿ ದೊಡ್ಡವರು ಯಾರು? ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಎತ್ತಿ ನೋಡಿ, ಕಾಫಿ ಆರಿಹೋದರೂ ವಾದ ಮುಗಿಯುವುದಿಲ್ಲ. ಯುದ್ಧ ಗೆದ್ದವರು ದೊಡ್ಡವರು ಅಂತ ಒಬ್ಬರು. ಬಹಳ ವರ್ಷ ಆಳಿದವರು ಅಂತ ಇನ್ನೊಬ್ಬರು. ಸರಳವಾಗಿ ಬದುಕಿದವರು ಅಂತ ಮತ್ತೊಬ್ಬರು.

ಶಾಸ್ತ್ರೀಜಿ ಅಂದಕೂಡಲೇ ನಮಗೂ ನೆನಪಾಗುವುದು ಆ ಸರಳತೆಯೇ. ಪುಟ್ಟ ದೇಹ, ಖಾದಿ ಬಟ್ಟೆ, ಸಾಲ ಮಾಡಿ ಕೊಂಡ ಫಿಯೆಟ್ ಕಾರು. ಸರಳತೆ ಒಳ್ಳೆಯ ಗುಣ, ಸಂಶಯವಿಲ್ಲ. ಆದರೆ ನಮ್ಮ ಊರುಗಳಲ್ಲಿ ಸರಳವಾಗಿ ಬದುಕಿದ ಮೇಷ್ಟ್ರುಗಳು ಎಷ್ಟು ಜನ ಇಲ್ಲ ಹೇಳಿ! ದೇಶ ನಡೆಸುವವರನ್ನು ಅಳೆಯಲು ಆ ಒಂದು ಗುಣ ಸಾಲದು.

ನನಗೆ ತೋಚುವ ಅಳತೆಗೋಲು ಬೇರೆ. ತನ್ನ ಕುರ್ಚಿಗೋ ತನ್ನ ಮಾತಿಗೋ ನಷ್ಟವಾಗುವ ಗಳಿಗೆ ಬಂದಾಗ ನಾಯಕ ಏನು ಮಾಡಿದ? ಇದನ್ನು ನೋಡಬೇಕು.

ಮೊದಲು 1956ಕ್ಕೆ ಹೋಗೋಣ. ಆಗ ಶಾಸ್ತ್ರಿ ರೈಲ್ವೆ ಮಂತ್ರಿ. ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸೀಮೆಯ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ರೈಲು ಬಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಶಾಸ್ತ್ರಿ ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ಅಂಥದೇ ಇನ್ನೊಂದು ದುರಂತ, ಮತ್ತೆ ನೂರಕ್ಕೂ ಹೆಚ್ಚು ಸಾವು. ಈ ಸಲ ಶಾಸ್ತ್ರಿ ಹಟ ಹಿಡಿದು ಕುರ್ಚಿ ಬಿಟ್ಟರು. ಮಂತ್ರಿಯ ತಪ್ಪಿನಿಂದ ಇದು ಆಗಿಲ್ಲ, ಮುಂದಿನವರಿಗೆ ಮೇಲ್ಪಂಕ್ತಿಯಾಗಲಿ ಎಂದು ಒಪ್ಪುತ್ತಿದ್ದೇನೆ ಎಂಬ ಅರ್ಥದಲ್ಲಿ ನೆಹರೂ ಲೋಕಸಭೆಯಲ್ಲಿ ಹೇಳಿದರು. ಸೇತುವೆ ಕಟ್ಟಿದವರು ಬೇರೆ, ರೈಲು ಓಡಿಸಿದವರು ಬೇರೆ. ಆದರೂ ಇಲಾಖೆ ನನ್ನದು, ಹೊಣೆ ನನ್ನದು ಅಂದರು ಶಾಸ್ತ್ರಿ.

ಎರಡನೆಯ ಪ್ರಸಂಗ ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಹೊರನಾಡಿನಲ್ಲಿದ್ದುಕೊಂಡು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇನ್ನೊಂದು, ಆಫೀಸಿನಲ್ಲಿ ಮತ್ತೊಂದು ಭಾಷೆ ಆಡುವವರಲ್ಲವೇ ನಾವು? 1965ರ ಜನವರಿ 26ರಿಂದ ಹಿಂದಿ ಕೇಂದ್ರ ಸರ್ಕಾರದ ಮುಖ್ಯ ಆಡಳಿತ ಭಾಷೆಯಾಗುವುದೆಂದು ಗೊತ್ತಾಗಿತ್ತು. ಶಾಸ್ತ್ರಿ ಸ್ವತಃ ಕಾಶಿಯಲ್ಲಿ ಓದಿದ ಹಿಂದಿ ಸೀಮೆಯವರು. ಮದರಾಸಿನಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಹಲವರು ಮೈಗೆ ಬೆಂಕಿ ಹಚ್ಚಿಕೊಂಡರು, ಗುಂಡೇಟಿಗೆ ಅನೇಕರು ಬಲಿಯಾದರು. ಕೇಂದ್ರದ ಇಬ್ಬರು ತಮಿಳು ಮಂತ್ರಿಗಳು, ಸಿ. ಸುಬ್ರಮಣ್ಯಂ ಮತ್ತು ಒ.ವಿ. ಅಳಗೇಶನ್, ರಾಜೀನಾಮೆ ಬರೆದುಕೊಟ್ಟರು.

ಹಟ ಸಾಧಿಸಲು ಪ್ರಧಾನಿಗೆ ಆಗ ಪೊಲೀಸರಿದ್ದರು, ಸಂಸತ್ತಿನಲ್ಲಿ ಬಹುಮತವಿತ್ತು. ಅವರು ಬಂದದ್ದು ಆಕಾಶವಾಣಿಗೆ. ಫೆಬ್ರವರಿ 11ರಂದು ಮೈಕಿನ ಮುಂದೆ ಕುಳಿತು ದೇಶಕ್ಕೆ ಮಾತು ಕೊಟ್ಟರು: ನೆಹರೂ ಕೊಟ್ಟ ಭರವಸೆಗಳು ಹಾಗೇ ಉಳಿಯುತ್ತವೆ, ರಾಜ್ಯಗಳು ತಮ್ಮ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ವ್ಯವಹಾರ ನಡೆಸಬಹುದು, ಕೇಂದ್ರದ ನೌಕರಿಯ ಪರೀಕ್ಷೆಗಳಲ್ಲಿ ಇಂಗ್ಲಿಷ್ ಮುಂದುವರಿಯುತ್ತದೆ. ಅವರು ತೀರಿಕೊಂಡ ಮೇಲೆ 1967ರಲ್ಲಿ ಅಧಿಕೃತ ಭಾಷಾ ಕಾಯ್ದೆಗೆ ತಿದ್ದುಪಡಿಯಾಗಿ, ಇಂಗ್ಲಿಷ್ ಮುಂದುವರಿಕೆಗೆ ಕಾನೂನಿನ ಬಲವೂ ಸಿಕ್ಕಿತು.

ಹೆದರಿ ಹಿಂದೆ ಸರಿದರು ಅಂತ ಆಗಲೂ ಕೆಲವರು ಆಡಿಕೊಂಡರು. ಆದರೆ ಯೋಚಿಸಿ, ತನ್ನ ಸೀಮೆಯ ಜನ ಮುನಿಸಿಕೊಂಡರೂ ಸರಿ, ದೂರದ ಜನರ ಭಯ ಕಳೆಯಬೇಕು ಅಂದುಕೊಳ್ಳುವುದು ಹೆದರಿಕೆಯೇ? ನನಗಂತೂ ಅದೇ ಗಟ್ಟಿತನವಾಗಿ ಕಾಣುತ್ತದೆ.

ರಾಜೀನಾಮೆ ಬರೆದ ಆ ಸುಬ್ರಮಣ್ಯಂ ಕೊನೆಗೆ ಸಂಪುಟದಲ್ಲೇ ಉಳಿದರು. ಆಹಾರ, ಕೃಷಿ ಅವರ ಖಾತೆ. ಮೆಕ್ಸಿಕೋದ ಗಿಡ್ಡ ತಳಿಯ ಗೋಧಿ ಬೀಜ ತರಿಸುವ ಕೆಲಸದಲ್ಲಿ ಶಾಸ್ತ್ರಿ ಅವರ ಬೆನ್ನಿಗೆ ನಿಂತಿದ್ದರು. 1964ರ ಅಕ್ಟೋಬರಿನಲ್ಲಿ ಗುಜರಾತಿನ ಆಣಂದ್ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿ ತಂಗಿ, ಹಾಲಿನ ಸಹಕಾರ ಸಂಘ ಹೇಗೆ ನಡೆಯುತ್ತದೆ ಅಂತ ರೈತರ ಬಾಯಿಂದಲೇ ಕೇಳಿದರು. ಮರುವರ್ಷ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತು, ಅದೂ ದೆಹಲಿಯಲ್ಲಲ್ಲ, ಆಣಂದ್‌ನಲ್ಲೇ. ಹೊಣೆ ಹೊತ್ತವರು ವರ್ಗೀಸ್ ಕುರಿಯನ್. 1968ರಲ್ಲಿ ಗೋಧಿಯ ಬಂಪರ್ ಬೆಳೆ ಬಂದು ಅಂಚೆಚೀಟಿ ಹೊರಬಂತು. ಬಿತ್ತನೆಗೆ ನೆರವಾದ ಶಾಸ್ತ್ರಿ ಸುಗ್ಗಿ ನೋಡಲಿಲ್ಲ.

ಅವರ ಬಗ್ಗೆ ತಕರಾರೇ ಇಲ್ಲವೆ? ಇದೆ. 1966ರ ಜನವರಿ 10ರಂದು ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಹಾಕಿ, ಸೈನಿಕರು ರಕ್ತ ಸುರಿಸಿ ಗೆದ್ದ ಹಾಜಿ ಪೀರ್ ಕಣಿವೆಯನ್ನು ವಾಪಸು ಕೊಟ್ಟದ್ದನ್ನು ಇವತ್ತಿಗೂ ಒಪ್ಪದವರಿದ್ದಾರೆ. ಅದೇ ರಾತ್ರಿ ಕಳೆಯುವುದರೊಳಗೆ ತಾಷ್ಕೆಂಟಿನಲ್ಲೇ ಅವರು ತೀರಿಕೊಂಡದ್ದರಿಂದ, ಆ ಪ್ರಶ್ನೆಗೆ ಅವರ ಬಾಯಿಂದ ಉತ್ತರ ಸಿಗಲಿಲ್ಲ. ಈ ತಕರಾರನ್ನೂ ಬಚ್ಚಿಡಬಾರದು. ಪೂಜೆ ಮಾಡಲು ಹೊರಟರೆ ಅಳೆಯುವುದಕ್ಕೆ ಆಗುವುದಿಲ್ಲ.

ಮನೆಯಲ್ಲಿ ಮಕ್ಕಳು, ಯಾರಪ್ಪಾ ಗ್ರೇಟ್ ಲೀಡರ್, ಅಂತ ಕೇಳಿದರೆ ಒಂದು ಹೆಸರು ಹೇಳಿ ಸುಮ್ಮನಾಗಬೇಡಿ. ನಿಮ್ಮ ಮೆಚ್ಚಿನ ನಾಯಕ ಯಾರೇ ಇರಲಿ, ಯಾವ ಪಕ್ಷದವರೇ ಇರಲಿ, ಮೂರು ಪ್ರಶ್ನೆ ಹಾಕಲು ಕಲಿಸಿ. ತಾನು ಮಾಡದ ತಪ್ಪಿನ ಹೊಣೆಯನ್ನೂ ಹೊತ್ತರೆ? ತನಗೆ ಓಟು ಹಾಕದವರ ಮಾತು ಕೇಳಿ ನಿರ್ಧಾರ ಬದಲಿಸಿದರೆ? ತಾವಿಲ್ಲದೆಯೂ ನಡೆಯುವಂಥ ಕೆಲಸ ಬಿಟ್ಟುಹೋದರೆ?

ಈ ಮೂರಕ್ಕೂ ಹೌದು ಎನ್ನಬಹುದಾದ ಹೆಸರುಗಳು ನಿಮಗೆ ಹೊಳೆದರೆ ನಮಗೂ ಬರೆದು ತಿಳಿಸಿ. ನನ್ನ ಮಾತು ಒಪ್ಪಿಗೆಯಾಗದಿದ್ದರಂತೂ ತಪ್ಪದೇ ಬರೆಯಿರಿ. ಆ ಪತ್ರವನ್ನೇ ಮೊದಲು ಓದೋಣ.