ಮುಗಿಲಿನಿಂದ ಇಳಿದ ಸಂಜೆಗಳು
(ಬೇವೂರಿನಲ್ಲಿ ಮಾಡಿದ ಭಾಷಣದ ಪಠ್ಯ)



ಟಿ.ವಿ. ಮನೆಯೊಳಗೆ ಬಂದದ್ದು ಆಮೇಲೆ. ಈ ಸೀಮೆಯಲ್ಲಿ ಅದು ಮೊದಲು ಕಾಲಿಟ್ಟದ್ದು ಊರ ಶಾಲೆ, ಪಂಚಾಯ್ತಿ ಕಟ್ಟಡಗಳ ಅಂಗಳಕ್ಕೆ. ಅದೂ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬರುವುದಕ್ಕೆ ಆರು ವರ್ಷ ಮೊದಲೇ! ರಾಜಧಾನಿಗಿಂತ ಮುಂಚೆ ಹಳ್ಳಿಗೆ ಬಂದ ಸರಕಾರಿ ಸವಲತ್ತುಗಳನ್ನು ಲೆಕ್ಕ ಹಾಕಲು ಒಂದು ಕೈಯ ಬೆರಳು ಸಾಕು. ಅವುಗಳಲ್ಲಿ ಇದೊಂದು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಆ ಪ್ರಯೋಗವನ್ನು ಎಲ್ಲರೂ 'ಸೈಟ್' ಎಂದೇ ಕರೆದರು. ಉಪಗ್ರಹದ ಮೂಲಕ ಹಳ್ಳಿಗೆ ನೇರವಾಗಿ ಶಿಕ್ಷಣದ ಟಿ.ವಿ. ಕಳಿಸುವ ಯೋಜನೆ ಅದು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಲ್ಲಿ ಆಯ್ಕೆಯಾದವು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ; ಅಂದು ಯಲಬುರ್ಗಾ ತಾಲ್ಲೂಕು ರಾಯಚೂರು ಜಿಲ್ಲೆಗೇ ಸೇರಿತ್ತು.

ಕನಸು ವಿಕ್ರಮ್ ಸಾರಾಭಾಯಿ ಅವರದು. ಅಮೆರಿಕದ ನಾಸಾ ಸಂಸ್ಥೆಯೊಂದಿಗೆ 1969ರಲ್ಲಿ ಒಪ್ಪಂದವಾಯಿತು. ಆದರೆ ಸಾರಾಭಾಯಿ 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ತಮ್ಮ ಕನಸಿನ ಒಂದು ಸಂಜೆಯನ್ನೂ ಅವರು ನೋಡಲಿಲ್ಲ. ಅಹಮದಾಬಾದಿನಲ್ಲಿ ಯಶ್ ಪಾಲ್, ಚಿಟ್ನಿಸ್ ಮೊದಲಾದವರು ಅದನ್ನು ನಡೆಸಿದರು. ನಾಸಾದ ಎ.ಟಿ.ಎಸ್.-6 ಉಪಗ್ರಹ ಒಂದು ವರ್ಷಕ್ಕೆ ಎರವಲು ಸಿಕ್ಕಿತ್ತು. ಸುಗ್ಗಿಯಲ್ಲಿ ನೆರೆಯವರ ಎತ್ತು ಕೇಳಿ ತಂದ ಹಾಗೆ.

ಆ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲೆ, ಆಫ್ರಿಕದ ನೆತ್ತಿಯಲ್ಲಿ ನಿಂತಿತ್ತು. ಹಳ್ಳಿಯಲ್ಲಿ ಅದರ ಅಲೆ ಹಿಡಿಯಲು ಮೂರು ಮೀಟರ್ ಅಗಲದ ತಂತಿಬಲೆಯ ಬುಟ್ಟಿ. ಕೋಳಿಗೂಡಿಗೆ ಹಾಕುವಂಥದೇ ಬಲೆ. ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಒಯ್ಯಬಲ್ಲದಾಗಿತ್ತು. ಹಾಗಾಗಿ ಒಂದೇ ಚಿತ್ರವನ್ನು ಎರಡು ಭಾಷೆಗಳಲ್ಲಿ ಕೇಳಿಸುವುದು ಸಾಧ್ಯವಿತ್ತು. ಬಹುಭಾಷೆಯ ದೇಶಕ್ಕೆ ಹೇಳಿ ಮಾಡಿಸಿದ ಉಪಾಯ.

ಇನ್ನು ಆ ಸಂಜೆಯ ಊಟದೆಲೆಯಲ್ಲಿ ಏನೇನಿತ್ತು? ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಪ್ರಸಾರ. ಸಂಜೆಯ ವೇಳೆಯನ್ನು ಹಿಂದಿ, ಒರಿಯಾ, ತೆಲುಗು, ಕನ್ನಡಗಳು ಹಂಚಿಕೊಳ್ಳಬೇಕಿತ್ತು. ದಿಲ್ಲಿಯಿಂದ ಸುದ್ದಿ, ಬಳಿಕ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುನಡುವೆ ಹಾಡು, ಕುಣಿತ, ನಾಟಕ. ಬೀಜದ ಮಾತು ಬೇಡದವರೂ ಹಾಡಿಗಾಗಿ ಕಾಯುತ್ತ ಅದನ್ನು ಕೇಳಲೇಬೇಕು. ಬದಲಿಸಲು ಬೇರೆ ಚಾನೆಲ್ಲೇ ಇರಲಿಲ್ಲ.

ಈ ಕಲಸುಮೇಲೋಗರದ ಹಿಂದೆ ಒಂದು ಹಳೆಯ ತತ್ವವಿದೆ. ಬ್ರಿಟನ್ನಿನ ಬಿ.ಬಿ.ಸಿ. 1936ರ ನವೆಂಬರ್ 2ರಂದು ನಿಯಮಿತ ಟಿ.ವಿ. ಪ್ರಸಾರ ಆರಂಭಿಸಿತು. ಅದರ ಮೊದಲ ಮುಖ್ಯಸ್ಥ ಜಾನ್ ರೀತ್ ಹಾಕಿಕೊಟ್ಟ ದಾರಿ ಮೂರು ಮಾತಿನದು: ತಿಳಿಸು, ಕಲಿಸು, ರಂಜಿಸು. ಒಂದೇ ಸಂಜೆಯಲ್ಲಿ ಸುದ್ದಿ, ವಿಜ್ಞಾನ, ನಾಟಕ, ಸಂಗೀತ. ಜಾಹೀರಾತಿಲ್ಲ, ಖರ್ಚಿಗೆ ನೋಡುವವರೇ ಲೈಸೆನ್ಸ್ ಹಣ ಕಟ್ಟುತ್ತಾರೆ. 1957ರವರೆಗೆ ಅಲ್ಲಿ ಸಂಜೆ ಆರರಿಂದ ಏಳರವರೆಗೆ ಪ್ರಸಾರವನ್ನೇ ನಿಲ್ಲಿಸುತ್ತಿದ್ದರು, ತಾಯಂದಿರು ಮಕ್ಕಳನ್ನು ಮಲಗಿಸಲಿ ಎಂದು! ಬಿ.ಬಿ.ಸಿ.ಯ ಎರಡನೇ ಚಾನೆಲ್ ಆರಂಭವಾಗಬೇಕಿದ್ದ 1964ರ ಏಪ್ರಿಲ್ 20ರ ರಾತ್ರಿ ಲಂಡನ್ನಿನಲ್ಲಿ ಕರೆಂಟೇ ಹೋಯಿತು. ಕಾರ್ಯಕ್ರಮಗಳನ್ನು ಮರುದಿನಕ್ಕೆ ಮುಂದೂಡಬೇಕಾಯಿತು. ಕರೆಂಟಿನ ಕಣ್ಣುಮುಚ್ಚಾಲೆ ನಮ್ಮ ಸೀಮೆಯದೊಂದೇ ಸ್ವತ್ತಲ್ಲ.

ಆದರೆ ಅಲ್ಲಿ ಕಾರ್ಯಕ್ರಮ ಮಾಡುವವರೂ ನೋಡುವವರೂ ಹೆಚ್ಚುಕಡಿಮೆ ಒಂದೇ ಭಾಷೆಯವರು. ಇಲ್ಲಿನ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಈ ಸೀಮೆ ಮತ್ತೆ ಅದೇ ಊರಿನತ್ತ ಮುಖ ಮಾಡಿ ಕನ್ನಡ ಕೇಳಬೇಕಾಯಿತು. ಇನ್ನೊಂದು ಮಾತನ್ನೂ ಮರೆಯಬಾರದು: ಅದು ತುರ್ತುಪರಿಸ್ಥಿತಿಯ ಕಾಲ. ಸುದ್ದಿ ಸರಕಾರದ್ದು, ಪೆಟ್ಟಿಗೆಯೂ ಸರಕಾರದ್ದು. ತಿಳಿಸುವುದಕ್ಕೂ ತಿಳಿಹೇಳುವುದಕ್ಕೂ ಇರುವ ಅಂತರ ಆಗ ತೀರ ತೆಳುವಾಗಿತ್ತು.

ಫಲ ಏನಾಯಿತು? ಸಂಶೋಧಕರು ಹಳ್ಳಿಗಳಲ್ಲೇ ಬಿಡಾರ ಹೂಡಿ ನೋಡಿದರು. ಮೊದಲು ಜಾತ್ರೆಯಂತೆ ನೆರೆದ ಜನ ಹೊಸತು ಮಾಸಿದಂತೆ ಕರಗಿದರು. ಉಳಿದವರಲ್ಲಿ ಆರೋಗ್ಯ, ಕುಟುಂಬ ಯೋಜನೆಯ ತಿಳಿವಳಿಕೆ ಹೆಚ್ಚಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಈ ಹೆಚ್ಚಳ ದೊಡ್ಡದು. ಅಕ್ಷರ ಬಾರದ ತಾಯಿಗೆ ಪತ್ರಿಕೆಯೂ ಕರಪತ್ರವೂ ಕೊಡಲಾಗದ್ದನ್ನು ಚಿತ್ರ ಕೊಟ್ಟಿತು. ಆ ವರ್ಷದ ನಿಜವಾದ ಗಳಿಕೆ ಇದು.

ವರ್ಷ ಮುಗಿದೊಡನೆ ಉಪಗ್ರಹ ಅಮೆರಿಕದವರ ಕೆಲಸಕ್ಕೆ ಮರಳಿತು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಗೋಪುರ ಎದ್ದಿತು. ಸಮಾಧಾನದ ಸಂಗತಿಯೇ. ಆದರೆ ನೆಲದ ಗೋಪುರದ ಅಲೆ ಮುಗಿಲ ಅಲೆಯಂತಲ್ಲ. ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಸಾಗಿ, ಭೂಮಿಯ ಬಾಗಿನಾಚೆ ಸೋಲುತ್ತದೆ. ಗುಲ್ಬರ್ಗದಿಂದ ಯಲಬುರ್ಗಾ ಸುಮಾರು ಇನ್ನೂರು ಕಿಲೋಮೀಟರ್. ಈ ಸೀಮೆಗೆ ಆ ಗೋಪುರ ಎಟುಕುವ ಮಾತೇ ಇರಲಿಲ್ಲ. ಬೆಂಗಳೂರು ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು.

ಈಗ 'ಚಂದನ' ಇದೆ. ಬೇಸಾಯ, ಸಂಗೀತ, ಸುದ್ದಿ ಅಲ್ಲಿ ಇನ್ನೂ ಒಂದೇ ಸೂರಿನಡಿ ಇವೆ. 2002ರಲ್ಲಿ ಆರಂಭವಾದ ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ'ಯಲ್ಲಿ ಗೆದ್ದವರಿಗೆ ಕೊಡುವುದು ಹಣವಲ್ಲ, ಕನ್ನಡ ಪುಸ್ತಕ. ತಿಂಗಳ ಬಾಡಿಗೆಯಿಲ್ಲದ ಡಿ.ಡಿ. ಫ್ರೀ ಡಿಶ್‌ನಲ್ಲಿ ಅದನ್ನು ನೋಡಬಹುದು. ಮೂರು ಮೀಟರಿನ ತಂತಿಬಲೆಯ ಜಾಗದಲ್ಲಿ ಈಗ ಮಾಳಿಗೆಯ ಮೇಲೊಂದು ಸಣ್ಣ ತಟ್ಟೆ. ರಿಮೋಟು ಮನೆಯವರ ಕೈಯಲ್ಲಿದೆ. ಹಾಡಿಗಾಗಿ ಬೀಜದ ಮಾತು ಕೇಳುವ ಬಲವಂತ ಯಾರಿಗೂ ಇಲ್ಲ.