ಒಂದು ಮಾತಿಗಾಗಿ ಕಾದವರು



ಈ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ ಸಾಫ್ಟ್‌ವೇರ್ ಎಂಜಿನಿಯರ್ ಆದವನು ನಾನು. ಇವತ್ತು ಮನೆಯ ಮಾತು ಹೇಳುತ್ತೇನೆ. ನನ್ನ ಮಗನಿಗೆ ಆಟಿಸಂ ಇದೆ. ಮೂರು ವರ್ಷವಾದರೂ ಮಾತಿರಲಿಲ್ಲ. ಹೆಸರು ಕರೆದರೆ ತಿರುಗುತ್ತಿರಲಿಲ್ಲ.

ಹಾಲು ಬಿಡಿಸಿ ಎಂದರು ಒಬ್ಬರು. ಚೆನ್ನಾಗಿ ಕುದಿಸಿದರೆ ದೋಷ ಹೋಗುತ್ತದೆ ಎಂದರು ಇನ್ನೊಬ್ಬರು. ಸುಮಾರು 70 ಡಿಗ್ರಿ ದಾಟಿದರೆ ಹಾಲಿನ ತಿಳಿನೀರಿನ ಪ್ರೋಟೀನುಗಳು ಮಡಿಕೆ ಬಿಚ್ಚಿಕೊಳ್ಳುತ್ತವೆ. ಮೊಸರಾಗಿ ಹೆಪ್ಪುಗಟ್ಟುವ ಕೇಸೀನ್ ಕುದಿತವನ್ನೂ ತಾಳುತ್ತದೆ. ಅಷ್ಟೇ. ಹಾಲು ಬಿಟ್ಟರೆ ಆಟಿಸಂ ಹೋಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಹಾಲಿನ ಅಲರ್ಜಿ ಬೇರೆ ವಿಷಯ, ಅದನ್ನು ವೈದ್ಯರು ನೋಡಬೇಕು. ನಾವು ಸುಮ್ಮನೆ ಆರು ತಿಂಗಳು ಕಳೆದೆವು.

ದಾರಿ ಸಿಕ್ಕಿದ್ದು ಪೋಷಕರ ತರಬೇತಿಯಲ್ಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಮಗುವಿನ ಜೊತೆ ತಾಯಿಗೂ ಕಲಿಸುತ್ತಾರೆ. ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕು. ಅವನ ಆಟಕ್ಕೆ ನಾವು ಸೇರಬೇಕು. ಒಂದೇ ಪದ ಹೇಳಿ ಕಾಯಬೇಕು.

ನಮ್ಮೂರ ಕಾರಣಿಕದಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ಅಷ್ಟು ದೊಡ್ಡ ಜಾತ್ರೆಯೇ ಉಸಿರು ಹಿಡಿದು ಒಂದು ಮಾತಿಗೆ ಕಾಯುತ್ತದೆ. ಹಾಗೆ ಕಾಯುವುದು ನಮಗೆ ಹೊಸದಲ್ಲ. ಮಗ ಲೋಟ ಹಿಡಿದು ಬಂದಾಗಲೆಲ್ಲ ‘ಹಾಲು’ ಎಂದು ಹೇಳಿ ಕಾದೆವು. ತಿಂಗಳುಗಳಾದ ಮೇಲೆ ಒಂದು ಸಂಜೆ ‘ಹಾ’ ಎಂದ. ಹೆಂಡತಿ ಅಡುಗೆಮನೆಯಲ್ಲೇ ಕುಳಿತು ಅತ್ತಳು.

ನಮ್ಮ ಓಣಿಯಲ್ಲಿ ಇಂಥ ಮಗುವಿದ್ದರೆ ತಾಯಿಯನ್ನು ದೂರಬೇಡಿ, ಬೇಗ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಗುರುಗಳೇ, ನಾನು ಕುಳಿತ ಬೆಂಚಿನಲ್ಲಿ ಅಂಥ ಮಕ್ಕಳಿಗೂ ಜಾಗವಿರಲಿ.